ಹಿಮದ ಮೇಲಿನ ಎಂಜಿನ್: ಬರಲಿರುವುದನ್ನು ಊಹಿಸುವ ಬಗೆ

ಕೆನಡಾದಲ್ಲೂ ಅಮೆರಿಕದ ಉತ್ತರದ ರಾಜ್ಯಗಳಲ್ಲೂ ಹಿಮ ಇನ್ನೂ ಕರಗದ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗಳ ಕಂಪನಿಗಳು ಮುಂದಿನ ಚಳಿಗಾಲದ ಮಾದರಿಗಳನ್ನು ಜನರ ಮುಂದಿಡುತ್ತವೆ. ಗಿರಾಕಿಗಳು ಆಗಲೇ ಮುಂಗಡ ಕಟ್ಟಿ ಗಾಡಿ ಕಾಯ್ದಿರಿಸುತ್ತಾರೆ. ಅದಕ್ಕೂ ಮುಂಚಿನ ತಿಂಗಳುಗಳು ಊಹೆಯ ಕಾಲ. ಈ ಸಲದ ಎಂಜಿನ್ ಎಷ್ಟು ಸಿಸಿ? ಟರ್ಬೊ ಇರುತ್ತದೆಯೇ? ಟು-ಸ್ಟ್ರೋಕೋ ಫೋರ್-ಸ್ಟ್ರೋಕೋ? ಮಾತು ಕೊನೆಗೆ ಅಶ್ವಶಕ್ತಿಯ ಅಂಕಿಗೆ ಬಂದು ನಿಲ್ಲುತ್ತದೆ. ಆದರೆ ಆ ಅಂಕಿ ಲೆಕ್ಕದ ಕೊನೆಯಲ್ಲಿ ಸಿಗುವ ಉತ್ತರ. ಲೆಕ್ಕ ಶುರುವಾಗಬೇಕಾದದ್ದು ತೂಕ, ಗಾಳಿ, ಹಿಮ ಈ ಮೂರರಿಂದ. ಅಲ್ಲಿಂದ ಹೊರಟರೆ ಕಂಪನಿಯವರು ಬಾಯಿಬಿಡುವ ಮೊದಲೇ ಎಂಜಿನ್ನಿನ ಹೆಚ್ಚಿನ ಪಾಲು ನಮಗೆ ತಿಳಿದಿರುತ್ತದೆ.

ತೂಕವೇ ಮೊದಲ ನಿಯಮ

ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನ ಮೆಕ್ಯಾನಿಕ್ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೇ ಹಲ್ಲುಗಾಲಿ ಮತ್ತು ಪಟ್ಟಿಯ ತಮ್ಮ ವ್ಯವಸ್ಥೆಗೆ 1937ರಲ್ಲಿ ಪೇಟೆಂಟ್ ಪಡೆದರು. ಆಗ ಅವರು ಕಟ್ಟಿದ್ದು ಹಲವು ಜನ ಕೂರಬಹುದಾದ ದೊಡ್ಡ ಹಿಮವಾಹನಗಳನ್ನು. ಒಬ್ಬಿಬ್ಬರು ಕೂತು ಓಡಿಸುವ ಹಗುರ ಗಾಡಿ ಅವರ ಮನಸ್ಸಿನಲ್ಲಿ ಮೊದಲಿನಿಂದಲೂ ಇತ್ತು. ಆದರೆ ಅದಕ್ಕೆ ಹೊಂದುವ ಚಿಕ್ಕ, ಹಗುರ ಎಂಜಿನ್ ಸಿಗಲಿಲ್ಲ. ಅದು ಸಿಕ್ಕಿ ಸ್ಕೀ-ಡೂ ಎಂಬ ಆ ಗಾಡಿ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಎಂಜಿನ್ ಹಗುರಾಗುವವರೆಗೆ ಅವರ ಕನಸಿನ ಗಾಡಿ ಹುಟ್ಟಲಿಲ್ಲ ಎನ್ನಬಹುದು.

ಆ ನಿಯಮ ಇಂದಿಗೂ ಬದಲಾಗಿಲ್ಲ. ಗಾಳಿ ತುಂಬಿದ ಹೊಸ ಹಿಮದ ಮೇಲೆ ಗಾಡಿ ತೇಲಬೇಕು. ಕೆಸರುಗದ್ದೆಯಲ್ಲಿ ಭಾರದ ಟ್ರ್ಯಾಕ್ಟರ್ ಹೂತುಕೊಳ್ಳುವ ಕಡೆ ಟಿಲ್ಲರ್ ಸಾಗಿಹೋಗುವಂತೆ ಇಲ್ಲಿಯೂ ಹಗುರವಾದದ್ದೇ ಗೆಲ್ಲುತ್ತದೆ. ಬೆಟ್ಟ ಹತ್ತುವ ಇಂದಿನ ಸ್ನೋಮೊಬೈಲಿನ ತೂಕ, ಪೆಟ್ರೋಲು ಬಿಟ್ಟು, 200 ಕಿಲೊ ಆಸುಪಾಸು. ಎಂಜಿನ್ ಇರುವುದು ಮುಂಭಾಗದಲ್ಲಾದ್ದರಿಂದ ಅದಕ್ಕೆ ಸೇರಿದ ಒಂದೊಂದು ಕಿಲೊವೂ ಮೂತಿಯನ್ನು ಹಿಮದೊಳಕ್ಕೆ ಒತ್ತುತ್ತದೆ.

ಟು-ಸ್ಟ್ರೋಕ್ ಎಂಜಿನ್ ಈ ಲೋಕದಲ್ಲಿ ಬದುಕುಳಿದಿರುವುದಕ್ಕೆ ಕಾರಣ ಇದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ, ಯೆಜ್ಡಿ ಬೈಕುಗಳ ಸದ್ದು ಕೇಳಿ ಬೆಳೆದವರಿಗೆ ಈ ಎಂಜಿನ್ ಹೊಸದಲ್ಲ. ಅದಕ್ಕೆ ಕ್ಯಾಮ್‌ಶಾಫ್ಟ್ ಬೇಡ, ಸಿಲಿಂಡರ್ ತಲೆಯ ಮೇಲೆ ವಾಲ್ವುಗಳ ಸಾಲು ಬೇಡ. ಕ್ರ್ಯಾಂಕ್ ಸುತ್ತಿದಷ್ಟು ಸಲವೂ ಬೆಂಕಿ ಹೊತ್ತುತ್ತದೆ. ಫೋರ್-ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಮ್ಮೆ. ಹೀಗಾಗಿ ಕಡಿಮೆ ತೂಕಕ್ಕೆ ಹೆಚ್ಚು ಶಕ್ತಿ. ರಸ್ತೆಯ ಬೈಕುಗಳಿಂದ ಅದನ್ನು ಹೊರಹಾಕಿದ್ದು ಹೊಗೆ. ಹಳೆಯ ಟು-ಸ್ಟ್ರೋಕಿನಲ್ಲಿ ಹೊಸ ಮಿಶ್ರಣ ಒಳಗೆ ಬರುವಾಗ ಹೊಗೆಯ ಬಾಗಿಲೂ ತೆರೆದೇ ಇರುತ್ತದೆ. ಇಂಧನದ ಮೂರನೇ ಒಂದು ಪಾಲಿನವರೆಗೂ ಉರಿಯದೆ ಹೊರಗೆ ಹೋಗಿಬಿಡಬಹುದು. ಆಸ್ಟ್ರಿಯಾದ ರೋಟ್ಯಾಕ್ಸ್ ಕಂಪನಿ ಸ್ಕೀ-ಡೂಗಾಗಿ ಕಟ್ಟಿದ ಇ-ಟೆಕ್ ಎಂಜಿನ್ ಇದಕ್ಕೆ ಮದ್ದು ಹುಡುಕಿತು. ಬರಿಯ ಗಾಳಿಯಿಂದ ಸಿಲಿಂಡರನ್ನು ತೊಳೆದು, ಪೆಟ್ರೋಲನ್ನು ನೇರವಾಗಿ ಉರಿಯುವ ಕೋಣೆಗೇ ಚಿಮ್ಮುವುದು ಅದರ ಕ್ರಮ.

ಪೈಪಿನೊಳಗಿನ ಅಲೆ

ಸ್ನೋಮೊಬೈಲಿನ ಮುಚ್ಚಳ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ನಡುವೆ ಉಬ್ಬಿ ಎರಡೂ ತುದಿಗೆ ಕಿರಿದಾಗುವ ದಪ್ಪ ಹೊಗೆಕೊಳವೆ. ಅದರ ಆಕಾರ ಸುಮ್ಮನೆ ಬಂದದ್ದಲ್ಲ. ಸಿಲಿಂಡರಿನಿಂದ ಹೊರಟ ಒತ್ತಡದ ಅಲೆ ಕೊಳವೆ ಅಗಲವಾಗುವ ಕಡೆ ಒಳಗಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಕಿರಿದಾಗುವ ತುದಿಗೆ ಬಡಿದು ಹಿಂದಿರುಗಿ, ತಪ್ಪಿಸಿಕೊಂಡು ಬಂದ ಹೊಸ ಗಾಳಿಯನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ರೇಸ್ ಬೈಕುಗಳಿಗಾಗಿ ಎಂಜಿನಿಯರ್ ವಾಲ್ಟರ್ ಕಾಡೆನ್ ಹದಗೊಳಿಸಿದ ವಿದ್ಯೆ ಇದು.

ಅಲೆ ಸರಿಯಾದ ಹೊತ್ತಿಗೆ ವಾಪಸು ಬರುವುದು ಒಂದು ಸಣ್ಣ ವೇಗದ ಪಟ್ಟಿಯೊಳಗೆ ಮಾತ್ರ. ಬೈಕಿನಲ್ಲಿ ಇದೊಂದು ತಲೆನೋವು. ಸ್ನೋಮೊಬೈಲಿಗೆ ಇದು ತೊಂದರೆಯಲ್ಲ, ಏಕೆಂದರೆ ಇದರಲ್ಲಿ ಗೇರುಗಳಿಲ್ಲ, ಗೇರಿನ ಅನುಪಾತವನ್ನು ತಾನಾಗಿ ಬದಲಿಸುತ್ತ ಹೋಗುವ ಬೆಲ್ಟಿನ ಸಿವಿಟಿ ಇದೆ. ಕ್ರ್ಯಾಂಕಿನ ತುದಿಯಲ್ಲಿರುವ ಕ್ಲಚ್ಚಿನೊಳಗೆ ಚಿಕ್ಕ ಚಿಕ್ಕ ತೂಕಗಳೂ ಒಂದು ಸ್ಪ್ರಿಂಗೂ ಇರುತ್ತವೆ. ಕ್ಲಚ್ಚು ತಿರುಗಿದಂತೆ ತೂಕಗಳು ಹೊರಕ್ಕೆ ಚಾಚಿ ತಟ್ಟೆಗಳನ್ನು ಒಂದಕ್ಕೊಂದು ಒತ್ತುತ್ತವೆ, ಬೆಲ್ಟು ಮೇಲಕ್ಕೇರುತ್ತದೆ. ಪೂರ್ತಿ ಥ್ರಾಟಲ್ ಒತ್ತಿದಾಗ ಗಾಡಿಯ ವೇಗ ಏರುತ್ತ ಹೋದರೂ ಎಂಜಿನ್ ಮಾತ್ರ ನಿಮಿಷಕ್ಕೆ ಸುಮಾರು 8000 ಸುತ್ತುಗಳ ಹತ್ತಿರವೇ ನಿಂತಿರುತ್ತದೆ. ಪೈಪಿಗೆ ಬೇಕಾದದ್ದೂ ಇದೇ. ಆದ್ದರಿಂದ ಹೊಸ ಎಂಜಿನ್ ಬಗ್ಗೆ ಊಹಿಸುವಾಗ ಗರಿಷ್ಠ ಶಕ್ತಿ ಎಷ್ಟು ಎಂಬುದರ ಜೊತೆಗೆ ಆ ಬೆಲ್ಟು ಎಷ್ಟು ತಡೆದೀತು ಎಂದೂ ಕೇಳಬೇಕು. ಬೆಲ್ಟು ಸುಟ್ಟರೆ ಎಷ್ಟು ಅಶ್ವಶಕ್ತಿ ಇದ್ದರೂ ಗಾಡಿ ಒಂದು ಗೇಣೂ ಕದಲುವುದಿಲ್ಲ.

ಎತ್ತರದ ಗಾಳಿ, ಚಳಿಯ ಗಾಳಿ

ರಾಕಿ ಪರ್ವತಗಳಲ್ಲಿ ಸವಾರರು ಸಮುದ್ರಮಟ್ಟದಿಂದ 2500, 3000 ಮೀಟರ್ ಎತ್ತರದಲ್ಲಿ ಓಡಾಡುತ್ತಾರೆ. 3000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕೆಳಗಿನ ಮುಕ್ಕಾಲು ಪಾಲಿನಷ್ಟು ಮಾತ್ರ. ಗಾಳಿ ಕಡಿಮೆಯಾದರೆ ಉರಿಸಬಹುದಾದ ಇಂಧನವೂ ಕಡಿಮೆ. ಕಣಿವೆಯಲ್ಲಿ 165 ಅಶ್ವಶಕ್ತಿ ಕೊಡುವ ಎಂಜಿನ್ 2400 ಮೀಟರ್ ಏರುವ ಹೊತ್ತಿಗೆ ಸುಮಾರು 130ಕ್ಕೆ ಇಳಿದಿರುತ್ತದೆ. ಚಳಿ ಇದಕ್ಕೆ ತದ್ವಿರುದ್ಧ: ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಗಾಳಿ 15 ಡಿಗ್ರಿಯ ಗಾಳಿಗಿಂತ ಆರನೇ ಒಂದು ಪಾಲಿಗಿಂತಲೂ ಹೆಚ್ಚು ದಟ್ಟ. ಈ ಏರಿಳಿತಕ್ಕೆಲ್ಲ ತಕ್ಕಂತೆ ಕ್ಷಣಕ್ಷಣಕ್ಕೂ ಇಂಧನ ಅಳೆಯುವ ಕಂಪ್ಯೂಟರ್ ಇಲ್ಲದೆ ಇಂದು ಬೆಟ್ಟ ಹತ್ತುವ ಬಿರುಸಿನ ಎಂಜಿನ್ ಬರಲಾರದು.

ಕಳೆದುಹೋದ ಗಾಳಿಯನ್ನು ಮರಳಿ ತುಂಬುವ ದಾರಿ ಟರ್ಬೊ, ಅಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಒಳಗೆ ಗಾಳಿ ಒತ್ತುವ ಚಕ್ರ. ಟು-ಸ್ಟ್ರೋಕಿಗೆ ಅದನ್ನು ಕೂಡಿಸುವುದು ಸುಲಭವಲ್ಲ. ಎರಡೂ ಬಾಗಿಲು ಒಟ್ಟಿಗೆ ತೆರೆದಿರುವ ಕ್ಷಣದಲ್ಲಿ ಟರ್ಬೊ ತುಂಬಿದ ಗಾಳಿ ನೇರ ಹೊರಗೇ ನುಗ್ಗಬಹುದು. ಟರ್ಬೊದ ಚಕ್ರದಿಂದ ಹಿಮ್ಮುಖವಾಗಿ ಬರುವ ಒತ್ತಡವೂ ಪೈಪಿನ ಅಲೆಯೂ ಹೊಂದಿಕೊಳ್ಳಬೇಕು. ಫೋರ್-ಸ್ಟ್ರೋಕಿನಂತೆ ತಳದಲ್ಲಿ ಎಣ್ಣೆಯ ಸಂಪು ಇರುವುದಿಲ್ಲವಾದ್ದರಿಂದ ಟರ್ಬೊದ ಬೇರಿಂಗಿಗೆ ಎಣ್ಣೆ ಒದಗಿಸಲು ಬೇರೆಯೇ ಏರ್ಪಾಡು ಬೇಕು. ಕಾರ್ಖಾನೆಯಿಂದಲೇ ಟರ್ಬೊ ಕೂಡಿಸಿಕೊಂಡು ಬಂದ ಮೊದಲ ಟು-ಸ್ಟ್ರೋಕ್ ಸ್ನೋಮೊಬೈಲ್ ಸ್ಕೀ-ಡೂ ಬ್ರ್ಯಾಂಡಿನದು, 2020ರ ಮಾದರಿ. ಅದು ಸುಮಾರು 2400 ಮೀಟರ್ ಎತ್ತರದವರೆಗೂ 165 ಅಶ್ವಶಕ್ತಿಯನ್ನು ಬಿಟ್ಟುಕೊಡಲಿಲ್ಲ. ಅದರ ಗುರಿ ಅಂಕಿ ಏರಿಸುವುದಕ್ಕಿಂತ ಇದ್ದ ಅಂಕಿಯನ್ನು ಬೆಟ್ಟದ ಮೇಲೂ ಉಳಿಸಿಕೊಳ್ಳುವುದಾಗಿತ್ತು. ಆಮೇಲೆ ಬಂದ ಟರ್ಬೊ ಆರ್ ಎಂಬ ಎಂಜಿನ್ 180 ಅಶ್ವಶಕ್ತಿ ತಲುಪಿತು.

ಮಿನೆಸೋಟದ ಪೊಲಾರಿಸ್ ಕಂಪನಿ ಎರಡು ದಾರಿ ತುಳಿಯಿತು. 2022ರ ಮಾದರಿಯಲ್ಲಿ 840 ಸಿಸಿಗೆ ಟರ್ಬೊ ಕೂಡಿಸಿತು. 2023ರ ಮಾದರಿಯಲ್ಲಿ ಟರ್ಬೊ ಇಲ್ಲದ 899 ಸಿಸಿಯ ಎಂಜಿನ್ ತಂದಿತು. ಸಿಸಿ ಹೆಚ್ಚಿಸಿದರೆ ಥ್ರಾಟಲ್ ಒತ್ತಿದೊಡನೆ ಉತ್ತರ ಸಿಗುತ್ತದೆ, ತೂಕವೂ ಅಷ್ಟಾಗಿ ಏರುವುದಿಲ್ಲ. ಆದರೆ ಎತ್ತರ ಏರಿದಂತೆ ಶಕ್ತಿ ಸೋರಿಹೋಗುವುದು ತಪ್ಪುವುದಿಲ್ಲ. ಸಿಲಿಂಡರು ಹಿಗ್ಗಿದಷ್ಟೂ ಪಿಸ್ಟನ್ನಿನ ಶಾಖವೂ ನಡುಕವೂ ಹೆಚ್ಚುತ್ತವೆ.

ಹಿಮವೇ ರೇಡಿಯೇಟರ್

ಹೆಚ್ಚಿನ ಸ್ನೋಮೊಬೈಲುಗಳಲ್ಲಿ ಎಂಜಿನ್ನಿನ ಬಿಸಿನೀರು ಹರಿಯುವುದು ಸೀಟಿನ ಕೆಳಗಿನ ಸುರಂಗಕ್ಕೆ ಅಂಟಿಕೊಂಡ ಅಲ್ಯುಮಿನಿಯಂ ಕಾಲುವೆಗಳಲ್ಲಿ. ತಿರುಗುವ ರಬ್ಬರ್ ಪಟ್ಟಿ ಎತ್ತಿ ಎರಚುವ ಹಿಮ ಅದರ ಮೇಲೆ ಬಿದ್ದು ಕರಗುತ್ತದೆ, ನೀರು ತಣ್ಣಗಾಗುತ್ತದೆ. ಗಟ್ಟಿ ಮಂಜುಗಡ್ಡೆಯ ಹಾದಿಯಲ್ಲಿ ಎರಚಲು ಹಿಮವೇ ಇರುವುದಿಲ್ಲ. ಆಗ ಸವಾರರು ಉಕ್ಕಿನ ಕಡ್ಡಿಗಳನ್ನು ಕೆಳಕ್ಕೆ ಇಳಿಬಿಟ್ಟು ಮಂಜು ಕೆರೆಸಿ ಪುಡಿ ಎಬ್ಬಿಸುತ್ತಾರೆ. ಶಕ್ತಿ ಹೆಚ್ಚಿದರೆ ಶಾಖವೂ ಹೆಚ್ಚುತ್ತದೆ, ಅದನ್ನು ಇಳಿಸಲು ಕಾಲುವೆ ಉದ್ದವಾಗಬೇಕಾಗುತ್ತದೆ, ಅದರೊಂದಿಗೆ ತೂಕ ಮತ್ತೆ ಏರುತ್ತದೆ.

ಹೆಪ್ಪುಗಟ್ಟಿದ ಕೆರೆಗಳ ಮೇಲೆ, ಕಾಡಿನ ಸಮತಟ್ಟು ಹಾದಿಗಳಲ್ಲಿ ಲೆಕ್ಕ ಬೇರೆ. ಅಲ್ಲಿ ತೇಲುವ ಚಿಂತೆ ಕಡಿಮೆ, ಬಾಳಿಕೆಯೂ ಮೈಲೇಜೂ ಮುಖ್ಯ. ಯಮಾಹಾ ತನ್ನ ಆರ್1 ಬೈಕಿನ ಎಂಜಿನ್ ಆಧರಿಸಿ 2003ರ ಮಾದರಿಯಾಗಿ ಆರ್‌ಎಕ್ಸ್-1 ತಂದಾಗ ಫೋರ್-ಸ್ಟ್ರೋಕ್ ಕೂಡ ಹಿಮದ ಮೇಲೆ ಬಿರುಸಾಗಿ ಓಡಬಲ್ಲದು ಎಂಬುದು ಸಾಬೀತಾಯಿತು. 2017ರ ಸೈಡ್‌ವೈಂಡರ್‌ನಲ್ಲಿ ಮೂರು ಸಿಲಿಂಡರಿನ 998 ಸಿಸಿ ಎಂಜಿನ್ ಟರ್ಬೊ ಸಹಿತ 200 ಅಶ್ವಶಕ್ತಿಯ ಮಟ್ಟ ಮುಟ್ಟಿತು. ಆ ಯಮಾಹಾ 2023ರಲ್ಲಿ ಈ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಸಾರಿತು.

ಹಾಗಾದರೆ ಮುಂದಿನದು?

ಇಷ್ಟನ್ನು ಕೂಡಿಸಿದರೆ ಊಹೆಗೆ ನೆಲೆ ಸಿಗುತ್ತದೆ. ಬೆಟ್ಟಕ್ಕಾಗಿ ಬರುವ ಮುಂದಿನ ಬಿರುಸಿನ ಗಾಡಿಯಲ್ಲಿ ಎರಡು ಸಿಲಿಂಡರಿನ, 850ರಿಂದ 900 ಸಿಸಿಯ ಟು-ಸ್ಟ್ರೋಕ್, ಟರ್ಬೊ ಸಹಿತ ಇರುವ ಸಂಭವವೇ ಹೆಚ್ಚು. ಸಿಸಿಯಲ್ಲಿ ದೊಡ್ಡ ಜಿಗಿತ ನಿರೀಕ್ಷಿಸಬೇಕಿಲ್ಲ. ಟರ್ಬೊ ಬೇಗ ಎಚ್ಚರಗೊಳ್ಳುವಂತೆ, ತೂಕ ಇಳಿಯುವಂತೆ, ಇನ್ನಷ್ಟು ಎತ್ತರದವರೆಗೆ ಶಕ್ತಿ ಉಳಿಯುವಂತೆ ಮಾಡುವುದೇ ನಿಜವಾದ ಸುಧಾರಣೆ. ಸಮತಟ್ಟಿನ ಓಟಗಾರನಿಗೆ ಮೂರು ಸಿಲಿಂಡರಿನ ಟರ್ಬೊ ಫೋರ್-ಸ್ಟ್ರೋಕ್ ಒಪ್ಪುತ್ತದೆ. ಅಮೆರಿಕದ ಹೊಗೆ ನಿಯಮ ಕಂಪನಿಯ ಎಲ್ಲ ಮಾದರಿಗಳ ಸರಾಸರಿಯನ್ನು ನೋಡುವುದರಿಂದ ಶುದ್ಧವಾಗಿ ಉರಿಯುವ ಫೋರ್-ಸ್ಟ್ರೋಕುಗಳು ಮಾರಾಟವಾದಷ್ಟೂ ಟು-ಸ್ಟ್ರೋಕಿಗೆ ಜಾಗ ಉಳಿಯುತ್ತದೆ. ಸ್ಕೀ-ಡೂ 2024ರ ಮಾದರಿಗಳಾಗಿ ತಂದ ವಿದ್ಯುತ್ ಗಾಡಿಗಳು ಒಂದು ಚಾರ್ಜಿಗೆ ಓಡುವುದು ಸುಮಾರು 50 ಕಿಲೊಮೀಟರ್. ಬ್ಯಾಟರಿ ಹಗುರಾಗುವವರೆಗೆ ಅವುಗಳ ಜಾಗ ರೆಸಾರ್ಟಿನ ಸುತ್ತಮುತ್ತಲೇ.

ಹೊಸ ಮಾದರಿಯ ಸುದ್ದಿ ಬಂದಾಗ ಓದುಗರು ಮೂರು ಪ್ರಶ್ನೆ ಹಾಕಿ ನೋಡಲಿ: ಗಾಡಿಯ ತೂಕ ಎಷ್ಟು, ಘೋಷಿಸಿದ ಶಕ್ತಿ ಯಾವ ಎತ್ತರದ್ದು, ಶಾಖವನ್ನು ಎಲ್ಲಿ ಬಿಡುತ್ತದೆ. ಈ ಮೂರಕ್ಕೂ ಉತ್ತರವಿಲ್ಲದ ಅಶ್ವಶಕ್ತಿಯ ಅಂಕಿ ಎಷ್ಟೇ ದೊಡ್ಡದಿದ್ದರೂ ಎಂಜಿನ್ನಿನ ಬಗ್ಗೆ ಅದು ಹೇಳುವುದು ಬಹಳ ಕಡಿಮೆ.