ನಿಮಗಿದು ಗೊತ್ತೇ? ಆಗಸ್ಟ್ 15 ಮತ್ತು ನಮ್ಮ ಸೀಮೆ

ಆಗಸ್ಟ್ 15 ಸ್ವಾತಂತ್ರ್ಯ ದಿನವೆಂದು ಬೈರಾಪಟ್ಟಣದ ಪುಟ್ಟ ಮಗುವೂ ಹೇಳುತ್ತದೆ. ಅದೇ ತಾರೀಖಿಗೆ ನಮ್ಮ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿಗಳ ಪಾಲಿನದೂ ಬೇಕಾದಷ್ಟಿದೆ.

1947ರ ಆ ದಿನ ನಮ್ಮೂರುಗಳಲ್ಲಿ ಇನ್ನೂ ಮಹಾರಾಜರ ಆಡಳಿತವೇ ಇತ್ತು, ಗೊತ್ತೇ? ಮೈಸೂರು ಸಂಸ್ಥಾನ ಭಾರತಕ್ಕೆ ಸೇರಲು ಒಪ್ಪಿದ್ದರೂ ಜನಪ್ರತಿನಿಧಿಗಳ ಸರಕಾರ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಎದ್ದಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಅವರ ನಂತರ, 1952ರಲ್ಲಿ, ಆ ಕುರ್ಚಿಗೆ ಬಂದವರು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಮಗ ಕೆಂಗಲ್ ಹನುಮಂತಯ್ಯ. ಅಂದ ಹಾಗೆ, 1947ರಲ್ಲಿ ರಾಮನಗರದ ಹೆಸರು ಕ್ಲೋಸ್‌ಪೇಟೆ.

1972ರ ಆಗಸ್ಟ್ 15ರಂದು ದೇಶದಲ್ಲಿ ಪಿನ್‌ಕೋಡ್ ಜಾರಿಗೆ ಬಂತು. ಚನ್ನಪಟ್ಟಣದ 562160ರಲ್ಲಿ ಮೊದಲ 5 ಅಂಚೆ ವಲಯವನ್ನು ಸೂಚಿಸುತ್ತದೆ.

1986ರ ಆಗಸ್ಟ್ 15 ನಮಗೆ ಇನ್ನೂ ಹತ್ತಿರದ್ದು. ಅಂದು ಬೆಂಗಳೂರು ಜಿಲ್ಲೆ ಎರಡಾಯಿತು. ನಮ್ಮ ನಾಲ್ಕೂ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು. 2007ರ ಆಗಸ್ಟ್ 23ರಂದು ರಾಮನಗರ ಜಿಲ್ಲೆ ಬಂತು. 2025ರಲ್ಲಿ ಅದು ಬೆಂಗಳೂರು ದಕ್ಷಿಣವಾಯಿತು. ಹಾಗಾಗಿ 1986ಕ್ಕೆ ಮೊದಲು ಬೈರಾಪಟ್ಟಣದಲ್ಲಿ ಹುಟ್ಟಿದವರು ಮನೆ ಬದಲಿಸದೆಯೇ ನಾಲ್ಕು ಜಿಲ್ಲೆಗಳನ್ನು ಕಂಡಿದ್ದಾರೆ!

ಸಂಗೊಳ್ಳಿ ರಾಯಣ್ಣನ ಜಯಂತಿಯೂ ಆಗಸ್ಟ್ 15. ಆತನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಅರವಿಂದರು ಹುಟ್ಟಿದ್ದು 1872ರ ಇದೇ ದಿನ. ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ 1942ರ ಇದೇ ದಿನ ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡರು.

ಕೆಂಪುಕೋಟೆಯ ಮೇಲೆ ಪ್ರಧಾನಿಯಾಗಿ ಬಾವುಟ ಹಾರಿಸಿದ ಕನ್ನಡಿಗ ಒಬ್ಬರೇ: ಎಚ್. ಡಿ. ದೇವೇಗೌಡರು, 1996ರಲ್ಲಿ. ಅದಕ್ಕೆ ಎರಡೇ ವರ್ಷ ಹಿಂದೆ, 1994ರಲ್ಲಿ, ರಾಮನಗರದ ಮತದಾರರು ಅವರನ್ನು ವಿಧಾನಸಭೆಗೆ ಆರಿಸಿದ್ದರು.

ಇನ್ನು 1975ರ ಆಗಸ್ಟ್ 15. ಬೆಳಗಿನ ಜಾವ ಢಾಕಾದಲ್ಲಿ ಬಾಂಗ್ಲಾದೇಶದ ಅಧ್ಯಕ್ಷ ಶೇಖ್ ಮುಜಿಬುರ್ ರೆಹಮಾನ್ ಹತ್ಯೆಯಾಯಿತು. ಇತ್ತ ಅದೇ ದಿನ ‘ಶೋಲೆ’ ತೆರೆಗೆ ಬಂತು. ಸಿನಿಮಾದ ‘ರಾಮಗಢ’ ನಮ್ಮ ರಾಮನಗರವೇ. 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಶುರುವಾದಾಗ ಬಂಡೆಗಳ ನಡುವೆ ಇಡೀ ಒಂದು ಹಳ್ಳಿಯನ್ನೇ ಕಟ್ಟಿದ್ದರು. ಮೊದಲು ಚಿತ್ರಿಸಿದ ಕೊನೆಯಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಲ್ಲುತ್ತಾನೆ. ಅದು ತುರ್ತುಪರಿಸ್ಥಿತಿಯ ಕಾಲ. ಸೆನ್ಸಾರ್ ಮಂಡಳಿ ಒಪ್ಪಲಿಲ್ಲ, ಕೊನೆ ಬದಲಾಯಿತು. ಮುಂಬೈಯ ಮಿನರ್ವಾ ಚಿತ್ರಮಂದಿರದಲ್ಲಿ ಸಿನಿಮಾ ಐದು ವರ್ಷ ಓಡಿತು. ಅದರಲ್ಲಿ ಕಾಣುವ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಗಬ್ಬರ್‌ಗಿಂತ ಈ ಹದ್ದುಗಳೇ ಆ ಬೆಟ್ಟದ ನಿಜವಾದ ಹೆಮ್ಮೆ ಎಂಬುದು ನನ್ನ ಅಭಿಪ್ರಾಯ.

ಆ ಚಿತ್ರೀಕರಣವನ್ನು ಕಣ್ಣಾರೆ ನೋಡಿದ ಹುಡುಗರಿಗೆ ಈಗ ಅರವತ್ತು, ಎಪ್ಪತ್ತು ದಾಟಿದೆ. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಈ ಸಲ ಧ್ವಜವಂದನೆ ಮುಗಿಸಿ ಬಂದ ಮೇಲೆ ಅವರ ಬಳಿ ಕೂತು ಕೇಳಿ, ಹೇಳಿದ್ದನ್ನು ಬರೆದಿಡಿ.