ಐದನೇ ಗೇರಿನ ಲೆಕ್ಕ

ದುಬೈ ಸಿಲಿಕಾನ್ ಓಯಸಿಸ್‌ನ ವಸತಿ ಕಟ್ಟಡಗಳ ಕೆಳಗೆ ನಿಂತಿರುವ ಕಾರುಗಳಲ್ಲಿ ಬಹುಪಾಲಿನವಕ್ಕೆ ಗೇರ್ ಬದಲಿಸುವುದು ಚಾಲಕನ ಕೆಲಸವೇ ಅಲ್ಲ. ವೇಗವೆಷ್ಟು, ಪೆಡಲ್ ಎಷ್ಟು ಒತ್ತಿದ್ದಾರೆ, ಎಣ್ಣೆ ಎಷ್ಟು ಕಾದಿದೆ ಎಂದೆಲ್ಲ ನೋಡಿ ಒಂದು ಪುಟ್ಟ ಕಂಪ್ಯೂಟರ್ ತಾನೇ ನಿರ್ಧರಿಸುತ್ತದೆ. ಏಳು ಚದರ ಕಿಲೋಮೀಟರ್ ಚಿಲ್ಲರೆಯ ಈ ತಂತ್ರಜ್ಞಾನ ಬಡಾವಣೆಗೆ ಅದು ಒಪ್ಪುವ ಮಾತೇ. ಆದರೆ ಎಮಿರೇಟುಗಳಲ್ಲಿ ಹಳೆಯ ಟೊಯೋಟ ಲ್ಯಾಂಡ್ ಕ್ರೂಸರ್ ಪಿಕಪ್ಪಿಗೆ ಮನಸೋತವರು ಕಡಿಮೆಯಿಲ್ಲ. ಎಫ್‌ಜೆ45 ಎಂಬ ಆ ಗಾಡಿಯ ಗೇರ್‌ಬಾಕ್ಸಿನಲ್ಲಿ ಚಿಪ್ಪೂ ಇಲ್ಲ, ಸೆನ್ಸರೂ ಇಲ್ಲ. ಇರುವುದು ಹಲ್ಲು, ಬೇರಿಂಗು, ಎಣ್ಣೆ ಅಷ್ಟೆ. ಅದರ ಮಾಲೀಕ ಬಡಾವಣೆಯಿಂದ ಹೊರಬಿದ್ದು ಪಕ್ಕದ ಶೇಖ್ ಮೊಹಮ್ಮದ್ ಬಿನ್ ಝಾಯೆದ್ ರಸ್ತೆ ಸೇರಿದರೆ ಅಲ್ಲಿನ ವೇಗಮಿತಿ ಗಂಟೆಗೆ 110 ಕಿ.ಮೀ. ಗಾಡಿ ಕಿರುಚಲು ಶುರುಮಾಡುವುದೂ ಅಲ್ಲೇ.

ತಪ್ಪು ಗಾಡಿಯದ್ದಲ್ಲ. ಅಲ್ ಫುತ್ತೈಮ್ ಸಂಸ್ಥೆ 1955ರಲ್ಲಿ ಇಲ್ಲಿ ಟೊಯೋಟ ಮಾರಾಟಕ್ಕಿಳಿದಾಗ ಯುಎಇ ಎಂಬ ದೇಶವೇ ಇರಲಿಲ್ಲ; ಅದು ಹುಟ್ಟಿದ್ದು 1971ರಲ್ಲಿ. ಊರು ದಾಟಿದರೆ ಮರಳಿನ ದಾರಿ, ಇಲ್ಲವೇ ಉಪ್ಪು ನೆಲ. ಅಂಥಲ್ಲಿ ಬೇಕಾದದ್ದು ವೇಗವಲ್ಲ, ಹೂತ ಚಕ್ರವನ್ನು ಮೇಲೆತ್ತುವ ಎಳೆತ. 1984ರವರೆಗೆ ತಯಾರಾದ 45 ಸರಣಿಗೆ ಕೊನೆಕೊನೆಗೆ ಹಾಕುತ್ತಿದ್ದ 2ಎಫ್ ಎಂಜಿನ್ 4.2 ಲೀಟರಿನದು, ಆರು ಸಿಲಿಂಡರಿನದು. ನಿಮಿಷಕ್ಕೆ 1,800 ಸುತ್ತಿನ ಆಸುಪಾಸಿನಲ್ಲೇ ಅದರ ತಿರುಚುಬಲ ಗರಿಷ್ಠ ಮಟ್ಟಕ್ಕೆ ಬರುತ್ತದೆ. ನಿಧಾನವಾಗಿ, ಬಲವಾಗಿ ದುಡಿಯಲು ಹುಟ್ಟಿದ ಎಂಜಿನ್ ಅದು. ಅದನ್ನು ಓಡುವಂತೆ ಮಾಡಬೇಕೆಂದರೆ ಐದು ಗೇರಿನ ಪೆಟ್ಟಿಗೆ ಹಾಕಿಸಿ ಎಂದು ಬಲ್ಲವರು ಹೇಳುತ್ತಾರೆ. ಸ್ಪಾನರ್ ಎತ್ತುವ ಮೊದಲು ಕಾಗದ ಪೆನ್ಸಿಲ್ ಎತ್ತಿಕೊಳ್ಳುವುದು ಒಳ್ಳೆಯದು.

ಚಕ್ರದ ವ್ಯಾಸ 80 ಸೆಂಟಿಮೀಟರ್ ಎಂದುಕೊಳ್ಳಿ. ಒಂದು ಸುತ್ತಿಗೆ ಗಾಡಿ ಎರಡೂವರೆ ಮೀಟರ್ ಸಾಗುತ್ತದೆ. ಗಂಟೆಗೆ 110 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 730 ಸುತ್ತು ತಿರುಗಬೇಕು. ಹಿಂದಿನ ಆ್ಯಕ್ಸಲ್‌ನಲ್ಲಿರುವ ಕ್ರೌನಿಗೆ 37 ಹಲ್ಲು, ಪಿನಿಯನ್ನಿಗೆ 9 ಹಲ್ಲು ಇದ್ದರೆ ಅನುಪಾತ 4.11. ಅಂದರೆ ಪ್ರೊಪೆಲ್ಲರ್ ಶಾಫ್ಟ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಹಳೆಯ ಪೆಟ್ಟಿಗೆಯ ನಾಲ್ಕನೇ ಗೇರ್ ನೇರ ಗೇರ್, ಒಂದಕ್ಕೆ ಒಂದು. ಹಾಗಾಗಿ ಎಂಜಿನ್ನಿನದೂ ಅದೇ 3,000. ಟೊಯೋಟ 1980ರ ದಶಕದಲ್ಲಿ ತಂದ ಎಚ್55ಎಫ್ ಪೆಟ್ಟಿಗೆಯ ಐದನೇ ಗೇರಿನ ಅನುಪಾತ 0.845. ಅದನ್ನು ಹಾಕಿದರೆ ಎಂಜಿನ್ 2,530ಕ್ಕೆ ಇಳಿಯುತ್ತದೆ. ಲಾಭ ಇಷ್ಟೇ, ನೂರಕ್ಕೆ ಹದಿನೈದೂವರೆ.

ಇಷ್ಟಕ್ಕಾಗಿ ಪೆಟ್ಟಿಗೆಯನ್ನೇ ಬದಲಿಸಬೇಕೆ? ಕ್ರೌನ್-ಪಿನಿಯನ್ ಬದಲಿಸಿ ಅನುಪಾತವನ್ನು 3.70ಕ್ಕೆ ಇಳಿಸಿದರೂ ನೂರಕ್ಕೆ ಹತ್ತು ಸುತ್ತು ಉಳಿಯುತ್ತದಲ್ಲ? ಉಳಿಯುತ್ತದೆ, ಆದರೆ ಆ ಹತ್ತು ಎಲ್ಲ ಗೇರುಗಳಲ್ಲೂ ಕಳೆಯುತ್ತದೆ. ಎಚ್42 ಎಂಬ ನಾಲ್ಕು ಗೇರಿನ ಪೆಟ್ಟಿಗೆಯ ಫಸ್ಟ್ ಗೇರ್ 3.555. ಆ್ಯಕ್ಸಲಿನ ಅನುಪಾತದೊಂದಿಗೆ ಗುಣಿಸಿದರೆ ಎಂಜಿನ್ನಿನ ತಿರುಚುಬಲ ಚಕ್ರ ತಲುಪುವ ಹೊತ್ತಿಗೆ 14.6 ಪಟ್ಟು ಆಗುತ್ತಿತ್ತು. ಕ್ರೌನ್ ಬದಲಿಸಿದರೆ ಅದು 13ಕ್ಕೆ ಕುಸಿಯುತ್ತದೆ, ಮರಳಿನಲ್ಲಿ ಗಾಡಿ ಕೂರುತ್ತದೆ. ಎಚ್55ಎಫ್‌ನ ಫಸ್ಟ್ ಗೇರ್ 4.843. ಅಂದರೆ ಹತ್ತಿರ ಹತ್ತಿರ 20 ಪಟ್ಟು. ಹೆದ್ದಾರಿಯಲ್ಲಿ ಬಿಡುವು, ಮರಳಿನಲ್ಲಿ ಹೆಚ್ಚಿನ ಎಳೆತ, ಎರಡೂ ಒಂದೇ ಪೆಟ್ಟಿಗೆಯಲ್ಲಿ. ನನ್ನ ಮಟ್ಟಿಗೆ ಈ ಬದಲಾವಣೆಯ ನಿಜವಾದ ಸಮರ್ಥನೆ ಇದೇ ಹೊರತು ಐದನೇ ಗೇರ್ ಅಲ್ಲ.

ಏಕೆಂದರೆ ಐದನೇ ಗೇರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ: 80ರಿಂದ 110ಕ್ಕೆ ಹೋದರೆ 2.6 ಪಟ್ಟು. ಪಿಕಪ್ಪಿನ ಚಪ್ಪಟೆ ಮುಖಕ್ಕೆ ಗಾಳಿಯೇನೂ ರಿಯಾಯಿತಿ ಕೊಡುವುದಿಲ್ಲ. ಸುತ್ತು ಕಡಿಮೆಯಾದಾಗ ಉಳಿತಾಯವಾಗುವುದು ಎಂಜಿನ್ನಿನೊಳಗೆ. ಪಿಸ್ಟನ್ನು, ಬೇರಿಂಗುಗಳ ಉಜ್ಜಾಟ ತಗ್ಗುತ್ತದೆ. ಥ್ರಾಟಲ್ ಹೆಚ್ಚು ತೆರೆದಿರುವುದರಿಂದ ಇಕ್ಕಟ್ಟಿನಲ್ಲಿ ಗಾಳಿ ಎಳೆದುಕೊಳ್ಳುವ ಶ್ರಮವೂ ತಗ್ಗುತ್ತದೆ. ಸವೆದು ಬಲಗುಂದಿದ ಎಂಜಿನ್ನಿಗೆ ಐದನೇ ಗೇರ್ ಹಾಕಿಸಿದವರು ಹತ್ತಾ ರಸ್ತೆಯ ಏರಿನಲ್ಲಿ ಮತ್ತೆ ನಾಲ್ಕಕ್ಕೇ ಬರಬೇಕಾಗುತ್ತದೆ.

ಪೆಟ್ಟಿಗೆ ಇಳಿಸುವ ಕೆಲಸ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಆಗುವಂಥದ್ದಲ್ಲ. ಅದಕ್ಕೆ ಅಲ್ ಕೂಝ್, ರಾಸ್ ಅಲ್ ಖೋರ್ ಅಥವಾ ಶಾರ್ಜಾದ ಕೈಗಾರಿಕಾ ಪ್ರದೇಶದ ಗ್ಯಾರೇಜುಗಳೇ ಗತಿ. ಎಂಜಿನ್ನಿನ ಹಿಂಬದಿಯ ಹೌಸಿಂಗಿಗೆ ಹೊಸ ಪೆಟ್ಟಿಗೆಯ ಬೋಲ್ಟುಗಳು ಕೂಡಬೇಕು. ಇನ್‌ಪುಟ್ ಶಾಫ್ಟಿನ ಗೀರುಗಳಿಗೆ ಕ್ಲಚ್ ಪ್ಲೇಟಿನ ಗೀರುಗಳು ಹೊಂದಬೇಕು. ಅದರ ತುದಿ ಕ್ರ್ಯಾಂಕಿನ ಪೈಲಟ್ ಬೇರಿಂಗಿನಲ್ಲಿ ಸರಿಯಾಗಿ ಕೂರಬೇಕು. ಒಂದೇ ಕುಟುಂಬದ ಪೆಟ್ಟಿಗೆಯಾದ್ದರಿಂದ ಇಲ್ಲಿ ಹೆಚ್ಚು ತಲೆನೋವಿಲ್ಲ. ತಲೆನೋವು ಹಿಂತುದಿಯಲ್ಲಿದೆ. ಸುಮಾರು 1980ರಿಂದ ಲ್ಯಾಂಡ್ ಕ್ರೂಸರಿನಲ್ಲಿ ಬಲವನ್ನು ಮುಂದಿನ, ಹಿಂದಿನ ಆ್ಯಕ್ಸಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಎರಡು ಹೋಳಿನದಾಯಿತು. ಎಚ್55ಎಫ್ ಹೊಂದುವುದು ಅದಕ್ಕೆ. ಅದಕ್ಕೂ ಹಿಂದಿನ ಗಾಡಿಯಾದರೆ ಆ ಎರಡು ಹೋಳಿನದನ್ನೂ ಹುಡುಕಬೇಕು. ಜೊತೆಗೆ ಹೊಸ ಪೆಟ್ಟಿಗೆ ಉದ್ದ. ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಶಾಫ್ಟನ್ನು ಲೇತಿನಲ್ಲಿ ಕತ್ತರಿಸಿ ಗಿಡ್ಡ ಮಾಡಬೇಕು, ಮುಂದಿನದನ್ನು ಉದ್ದ ಮಾಡಬೇಕು.

ಇಲ್ಲೇ ಚೆಂದದ ಭೌತಶಾಸ್ತ್ರವೊಂದು ಅಡಗಿದೆ. ಶಾಫ್ಟಿನ ಎರಡೂ ತುದಿಗಳ ಕ್ರಾಸ್ ಜಾಯಿಂಟುಗಳು ಬಾಗಿದ ಕೋನದಲ್ಲಿ ತಿರುಗುತ್ತವೆ. ಹಾಗೆ ಬಾಗಿದ ಜಾಯಿಂಟನ್ನು ಸಮವೇಗದಲ್ಲಿ ತಿರುಗಿಸಿದರೂ ಅದರಾಚೆ ಸಮವೇಗ ಸಿಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಕೋನ 10 ಡಿಗ್ರಿ ಇದ್ದರೆ ಏರಿಳಿತ ನೂರಕ್ಕೆ ಒಂದೂವರೆ. 20 ಡಿಗ್ರಿಯಾದರೆ ನೂರಕ್ಕೆ ಆರು. ಕೋನ ಇಮ್ಮಡಿಸಿದರೆ ಕುಲುಕಾಟ ನಾಲ್ಮಡಿ! ಎರಡೂ ತುದಿಯ ಕೋನ ಸಮವಾಗಿದ್ದು, ಶಾಫ್ಟಿನ ಎರಡು ಕವೆಗಳು ಒಂದೇ ಸಾಲಿನಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕತ್ತರಿಸಿ ಬೆಸುಗೆ ಹಾಕುವಾಗ ಕವೆ ತುಸು ತಿರುಗಿಬಿಟ್ಟರೆ, ಅಥವಾ ಪೆಟ್ಟಿಗೆಯ ಅಡಿಯ ಮೌಂಟು ಎತ್ತರ ತಪ್ಪಿದರೆ ಈ ಹೊಂದಾಣಿಕೆ ಮುರಿಯುತ್ತದೆ. ಐದನೇ ಗೇರಿನಲ್ಲಿ ಎಂಜಿನ್ ನಿಧಾನವಾದರೂ ಶಾಫ್ಟಿಗೆ ಬಿಡುವಿಲ್ಲ ಎಂಬುದನ್ನು ಮರೆಯಬಾರದು: 110ರಲ್ಲಿ ಅದು ತಿರುಗುವುದು ಅದೇ 3,000 ಸುತ್ತು. ಸೆಕೆಂಡಿಗೆ 50 ಸುತ್ತು, ಅಂದರೆ 100 ಕುಲುಕು. ಹೊಸ ಪೆಟ್ಟಿಗೆ ಸದ್ದು ಮಾಡುತ್ತದೆ ಎಂದು ದೂರುವವರು ಮೊದಲು ಶಾಫ್ಟ್ ನೋಡಿಸಲಿ. ಪಿಕಪ್ಪಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,950 ಮಿ.ಮೀ. ಇರುವುದು ಒಂದು ಪುಣ್ಯ. ಶಾಫ್ಟ್ ಉದ್ದವಿದ್ದಷ್ಟೂ ಕೋನ ಚಿಕ್ಕದು. ಗಿಡ್ಡ ಜೀಪಿನಂಥ ಎಫ್‌ಜೆ40ಗೆ ಆ ಭಾಗ್ಯವಿಲ್ಲ.

ನಮ್ಮ ಮಲೆನಾಡಿನವರಿಗೆ ಈ ಕಸುಬು ಹೊಸದೇನಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಮೂರೇ ಗೇರಿನ ಹಳೆಯ ವಿಲ್ಲೀಸ್ ಜೀಪುಗಳಿಗೆ ಮಹೀಂದ್ರದ ನಾಲ್ಕು, ಐದು ಗೇರಿನ ಪೆಟ್ಟಿಗೆ ಕೂರಿಸಿ ಓಡಿಸಿದವರು ಇದ್ದಾರೆ. ತೋಟದ ಏರಿನಲ್ಲಿ ಅವರಿಗೆ ಬೇಕಿದ್ದದ್ದು ಕೆಳಗಿನ ಗೇರ್. ಮೇಲಿನದರ ಚಿಂತೆ ಅವರಿಗಿರಲಿಲ್ಲ.

ಇನ್ನು ಎಣ್ಣೆ. ಗೇರ್ ಬೀಳುವಾಗ ಹಲ್ಲು ಕರಕರ ಎನ್ನದಂತೆ ತಡೆಯುವುದು ಸಿಂಕ್ರೊ ರಿಂಗ್ ಎಂಬ ಹಿತ್ತಾಳೆಯ ಬಳೆ. 1928ರಲ್ಲಿ ಕ್ಯಾಡಿಲ್ಯಾಕ್ ಕಾರಿನೊಂದಿಗೆ ಬಳಕೆಗೆ ಬಂದ ಈ ಉಪಾಯದ ಹಿಂದಿದ್ದವರು ಅರ್ಲ್ ಥಾಂಪ್ಸನ್. ಹಲ್ಲುಗಳು ಕೂಡುವ ಮುಂಚೆ ಬಳೆ ಗೇರಿನ ಕೋನ್ ಮೇಲೆ ಒತ್ತಿ, ಉಜ್ಜಿ, ಎರಡರ ವೇಗವನ್ನೂ ಸಮ ಮಾಡುತ್ತದೆ. ಅಂದರೆ ಎಲ್ಲೆಲ್ಲೂ ಜಾರುವಂತೆ ಮಾಡಬೇಕಾದ ಎಣ್ಣೆ ಇದೊಂದು ಜಾಗದಲ್ಲಿ ಜಾರದಂತೆ ಬಿಡಬೇಕು. ಆ್ಯಕ್ಸಲಿಗೆಂದು ಮಾಡಿದ ಜಿಎಲ್-5 ಎಣ್ಣೆಯಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚು. ಕ್ರೌನ್-ಪಿನಿಯನ್ನಿನ ವಿಪರೀತ ಒತ್ತಡಕ್ಕೆ ಅವು ಬೇಕೇ ಬೇಕು. ಕಾದಾಗ ಅವೇ ಹಿತ್ತಾಳೆಯನ್ನು ತಿನ್ನುವ ಅಪಾಯವಿದೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಊರು, ಕೆಳಗೆ ಕಾದ ಟಾರು, ಪಕ್ಕದಲ್ಲೇ ಸೈಲೆನ್ಸರ್ ಪೈಪು. ಗೇರ್‌ಬಾಕ್ಸಿಗೆ ಜಿಎಲ್-4 ಎಣ್ಣೆಯನ್ನೇ ಕೇಳಿ ಹಾಕಿಸಬೇಕು. ಸಿಂಕ್ರೊಗೂ ಸುರಕ್ಷಿತ ಎಂದು ತಯಾರಕರೇ ಬರೆದಿದ್ದರೆ ಮಾತ್ರ ಬೇರೆಯದು.

ಸ್ಪೀಡೋಮೀಟರಿನ ಚಿಂತೆ ಬೇಡ. ಈ ಗಾಡಿಯಲ್ಲಿ ಅದರ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುತ್ತದೆ. ಪೆಟ್ಟಿಗೆಯ ಅನುಪಾತ ಅದಕ್ಕೆ ತಟ್ಟುವುದಿಲ್ಲ. ಟೈರಿನ ಗಾತ್ರವನ್ನೋ ಕ್ರೌನ್-ಪಿನಿಯನ್ನನ್ನೋ ಬದಲಿಸಿದರೆ ಮಾತ್ರ ತಪ್ಪು ತೋರಿಸುತ್ತದೆ.

ಕೈಹಾಕುವವರಿಗೆ ಎರಡು ಮಾತು. ನೋಂದಣಿ ನವೀಕರಣಕ್ಕೆ ಮುಂಚೆ ಹಳೆಯ ಗಾಡಿ ತಪಾಸಣೆಗೆ ಹೋಗಲೇಬೇಕು. ಆದ್ದರಿಂದ ಕೆಲಸ ಶುರುವಾಗುವ ಮುಂಚೆಯೇ ದುಬೈನ ಸಾರಿಗೆ ಪ್ರಾಧಿಕಾರವಾದ ಆರ್‌ಟಿಎಯಲ್ಲಿ ವಿಚಾರಿಸಿ, ಬೇಕಾದ ಅನುಮತಿ ಪಡೆದುಕೊಳ್ಳಿ. ಪೆಟ್ಟಿಗೆಯೊಂದನ್ನೇ ಕೊಳ್ಳಬೇಡಿ, ಟ್ರಾನ್ಸ್‌ಫರ್ ಕೇಸ್, ಕ್ಲಚ್ ಪ್ಲೇಟ್, ಅಡಿಯ ಮೌಂಟು, ಲಿವರ್ ಎಲ್ಲವನ್ನೂ ಒಂದೇ ಗಾಡಿಯಿಂದ ಒಟ್ಟಿಗೆ ತೆಗೆದುಕೊಳ್ಳಿ. ಇಳಿಸಿದ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಎತ್ತಿಡಿ. ನಾಳೆ ಗಾಡಿ ಕೊಳ್ಳಲು ಬಂದವರು ಮೊದಲು ಕೇಳುವುದು ಅದನ್ನೇ.