ಕುಟುಂಬಗಳ ದೀರ್ಘಕಾಲದ ಆರೋಗ್ಯ ಅಧ್ಯಯನ: ಮನೆಬಾಗಿಲಿಗೆ ಹೋಗುವ ಮುನ್ನ

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ಭಾಗದ ಧರ್ಮಕೇಂದ್ರಗಳಿಗೆ ಆರೋಗ್ಯ ಶಿಬಿರಗಳು ಹೊಸದೇನಲ್ಲ. ಭಾನುವಾರದ ಪೂಜೆಯ ನಂತರ ಸಭಾಂಗಣದಲ್ಲಿ ಬಿಪಿ, ಶುಗರ್ ನೋಡಿ, ಒಂದಿಷ್ಟು ಮಾತ್ರೆ ಕೊಟ್ಟು, ಫೋಟೋ ತೆಗೆಸಿಕೊಂಡು ತಂಡ ಹಿಂದಿರುಗುತ್ತದೆ. ಮರುವರ್ಷ ಬರುವುದು ಬೇರೆ ತಂಡ. ಹಿಂದಿನ ಸಲ ಬಿಪಿ ಹೆಚ್ಚಾಗಿದ್ದ ಅಜ್ಜಿಗೆ ಏನಾಯಿತೆಂದು ಕೇಳಿದರೆ ಯಾರ ಬಳಿಯೂ ಉತ್ತರವಿರುವುದಿಲ್ಲ.

ದೀರ್ಘಕಾಲದ ಅಧ್ಯಯನದಲ್ಲಿ ಅದೇ ಕುಟುಂಬಗಳನ್ನು ವರ್ಷ ವರ್ಷವೂ ಭೇಟಿ ಮಾಡಿ, ಅದೇ ಅಳತೆಗಳನ್ನು ಅದೇ ವಿಧಾನದಲ್ಲಿ ತೆಗೆದುಕೊಳ್ಳಲಾಗುತ್ತದೆ. ನಮ್ಮ ಭಾಗದಲ್ಲಿ ಯಾರೇ ಇಂಥ ಕೆಲಸಕ್ಕೆ ಕೈಹಾಕಿದರೂ ಮೊದಲು ಬಾಗಿಲು ತಟ್ಟುವುದು ಆಶಾ ಕಾರ್ಯಕರ್ತೆಯರದ್ದು, ನಂತರ ನಮ್ಮ ಧರ್ಮಭಗಿನಿಯರದ್ದು ಮತ್ತು ಸಮಾಜಸೇವಾ ಕಾರ್ಯಕರ್ತರದ್ದು. ಏಕೆಂದರೆ ಯಾವ ಮನೆ ಎಲ್ಲಿದೆ ಎಂಬುದು ಅವರಿಗೆ ಗೊತ್ತು. ಹೀಗಾಗಿ ಯೋಜನೆಯ ಒಳಹೊರಗನ್ನು ನಾವೂ ತಿಳಿದಿರುವುದು ಒಳ್ಳೆಯದು.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಉತ್ತಮ ಉದಾಹರಣೆಯಿದೆ. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಡಲಾಗುತ್ತಿತ್ತು. 1990ರ ದಶಕದಲ್ಲಿ ಸಂಶೋಧಕರು ಈ ಪುಸ್ತಕಗಳನ್ನು ಹಿಡಿದು ಸುತ್ತಲಿನ ಮನೆ ಮನೆಗೆ ಹೋಗಿ, ಆ ಮಕ್ಕಳನ್ನು ನಡುವಯಸ್ಸಿನವರಾಗಿ ಹುಡುಕಿ ತೆಗೆದರು. 517 ಜನರನ್ನು ಪರೀಕ್ಷಿಸಿದಾಗ ತಿಳಿದದ್ದು ಇದು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, ಮೂರು ಕಿಲೋಗಿಂತ ಹೆಚ್ಚು ತೂಕವಿದ್ದವರಲ್ಲಿ ಸುಮಾರು 3 ಮಂದಿಗೆ ಮಾತ್ರ. 1996ರಲ್ಲಿ ಇದು ಪ್ರಕಟವಾಯಿತು. ಹೆರಿಗೆ ಕೋಣೆಯಲ್ಲಿ ತಕ್ಕಡಿ ಹಿಡಿದ ನರ್ಸ್‌ಗೆ ತಾನು ಬರೆದ ಅಂಕಿ ಅರವತ್ತು ವರ್ಷಗಳ ನಂತರ ಇಷ್ಟು ದೊಡ್ಡ ವಿಷಯ ಹೇಳೀತೆಂದು ಹೊಳೆದಿರಲು ಸಾಧ್ಯವಿಲ್ಲ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು ಹೊಸ ಅಧ್ಯಯನ ಆರಂಭವಾಯಿತು. ತಾಯಂದಿರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಬಿ-12 ಜೀವಸತ್ವದ ಕೊರತೆಯಿರುವುದು ಕಂಡುಬಂತು. ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು ಹತ್ತು ವರ್ಷಕ್ಕೇ ಕೊಬ್ಬಿನಂಶ ಹೆಚ್ಚಾಗಿತ್ತು. ಒಂದು ದಿನದ ಶಿಬಿರದಿಂದ ಇದು ಎಂದಿಗೂ ತಿಳಿಯುತ್ತಿರಲಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ 5,209 ಜನರೊಡನೆ ಆರಂಭವಾದ ಅಧ್ಯಯನವು ಮಕ್ಕಳು, ಮೊಮ್ಮಕ್ಕಳವರೆಗೂ ಬೆಳೆದಿದೆ.

ಈಗ ನಮ್ಮ ಊರುಗಳಿಗೆ ಬರೋಣ. ಮೈಸೂರಿನಲ್ಲಿ ಆಸ್ಪತ್ರೆಯ ಪುಸ್ತಕವಿತ್ತು. ಇಲ್ಲಿ ಪಟ್ಟಿಯನ್ನೇ ಮೊದಲಿನಿಂದ ಮಾಡಬೇಕು. ದಾಂಡೇಲಿಯ ಕಾಗದ ಕಾರ್ಖಾನೆಯ ಕಾರ್ಮಿಕರ ಕಾಲೊನಿ, ಹಳಿಯಾಳದ ಕಬ್ಬಿನ ರೈತರು, ಜೋಯಿಡಾದ ಕುಣಬಿ ಕುಟುಂಬಗಳು, ಕಾಡಂಚಿನ ಗೌಳಿವಾಡಾಗಳು, ಸಿದ್ದಿಯರ ಕೇರಿಗಳು, 1966ರಲ್ಲಿ ಮುಂಡಗೋಡದಲ್ಲಿ ನೆಲೆಗೊಂಡ ಟಿಬೆಟಿಯನ್ ಶಿಬಿರ: ಇವರ ಊಟ, ಕೆಲಸ, ಭಾಷೆ ಯಾವುದೂ ಒಂದಲ್ಲ. ಜೀಪು ಹೋಗುವ ರಸ್ತೆಯ ಪಕ್ಕದ ಮನೆಗಳನ್ನೇ ಆರಿಸಿಕೊಂಡರೆ ಅಧ್ಯಯನ ಮೊದಲ ದಿನವೇ ಕೆಟ್ಟಂತೆ. ಎಲ್ಲ ಮನೆಗಳ ಪಟ್ಟಿ ಮಾಡಿ ಚೀಟಿ ಎತ್ತಿದ ಹಾಗೆ ಆರಿಸಬೇಕು; ಆರಿಸಿದ ಮನೆ ಗುಡ್ಡದಾಚೆ ಇದ್ದರೆ ನಡೆದೇ ಹೋಗಬೇಕು. ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದರೆ ಸಾಲದು. ಕೊಂಕಣಿ, ಮರಾಠಿ, ಉರ್ದು, ಟಿಬೆಟಿಯನ್ ಮಾತನಾಡುವವರ ಮುಂದೆ ಕೇಳಿ ನೋಡಿ ತಿದ್ದಬೇಕು. ಹೆಂಗಸರ ಪ್ರಶ್ನೆಗೆ ಗಂಡಸರೇ ಉತ್ತರಿಸುವುದು ನಮ್ಮಲ್ಲಿ ಮಾಮೂಲು. ಆದ್ದರಿಂದ ಮಹಿಳಾ ಕಾರ್ಯಕರ್ತೆಯರು ಬೇಕೇಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಬಿಟ್ಟುಹೋದವರ ಪ್ರಶ್ನೆ. ಜೋಯಿಡಾದ ಹುಡುಗರು ಕೆಲಸಕ್ಕೆ ಗೋವಾ ಸೇರುತ್ತಾರೆ, ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಐದು ವರ್ಷಗಳ ನಂತರ ಮನೆಯಲ್ಲಿ ಉಳಿದವರನ್ನಷ್ಟೇ ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹೋದವರು ಗಟ್ಟಿಮುಟ್ಟಾದವರೇ ಇರಬಹುದು, ಇಲ್ಲವೆ ತೀರಾ ಕಷ್ಟದಲ್ಲಿದ್ದವರೇ ಇರಬಹುದು. ಮೈಸೂರಿನಲ್ಲಿಯೂ ಸಿಕ್ಕಿದವರು ಬದುಕಿ ಉಳಿದು ಹತ್ತಿರದಲ್ಲೇ ನೆಲೆಸಿದ್ದವರು ಮಾತ್ರ. ಆದ್ದರಿಂದ ಪ್ರತಿ ಕುಟುಂಬದಿಂದಲೂ, ಅವರು ಒಪ್ಪಿದರೆ, ಇಬ್ಬರು ಸಂಬಂಧಿಕರ ವಿಳಾಸವನ್ನು ಮೊದಲೇ ಬರೆದುಕೊಳ್ಳಬೇಕು, ಅವರನ್ನು ಹುಡುಕಲು ತಗಲುವ ಬಸ್ ಚಾರ್ಜನ್ನೂ ಬಜೆಟ್‌ನಲ್ಲಿ ಇಡಬೇಕು.

ಇನ್ನು ಒಪ್ಪಿಗೆಯ ವಿಷಯ. ಸಿದ್ದಿ ಜನರ ಆಫ್ರಿಕಾ ಮೂಲದ ಕುರಿತು 2011ರಲ್ಲಿ ಪ್ರಕಟವಾದ ತಳಿ ಅಧ್ಯಯನವು ಲೋಕದ ಗಮನ ಸೆಳೆಯಿತು. ಅದು ಜ್ಞಾನದ ದೃಷ್ಟಿಯಿಂದ ದೊಡ್ಡದೇ. ಆದರೆ ಕೇರಿಯ ತಾಯಿ ಕೇಳುವ ಪ್ರಶ್ನೆ ಮಗುವಿನ ಜ್ವರದ ಬಗ್ಗೆ. ಹಲವು ವರ್ಷಗಳ ಹಿಂದೆ ನಾವೇ ಒಂದು ತಂಡವನ್ನು ಕರೆದೊಯ್ದು ರಕ್ತ ತೆಗೆಸಿದ್ದೆವು. ವರದಿ ಬರಲಿಲ್ಲ. ಆ ಮನೆಗಳವರು ಇಂದಿಗೂ ಅದನ್ನು ಕೇಳುವುದು ತಂಡದವರನ್ನಲ್ಲ, ನಮ್ಮನ್ನು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳ ಪ್ರಕಾರ ನೈತಿಕ ಸಮಿತಿಯ ಅನುಮತಿ ಬೇಕು. ವಿವರಣೆ ಅವರವರ ಭಾಷೆಯಲ್ಲಿರಬೇಕು. ಓದು ಬಾರದವರು ಒಪ್ಪಿಗೆ ಕೊಡುವಾಗ ತಂಡಕ್ಕೆ ಸೇರದ ಸಾಕ್ಷಿ ಇರಬೇಕು. ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಯಾವಾಗ ಬೇಕಾದರೂ ಹೊರಬರಬಹುದು. ಇಲ್ಲಿ ನಮಗೊಂದು ಎಚ್ಚರಿಕೆ ಬೇಕು. ಸ್ವಾಮಿಗಳು ಹೇಳಿದರೆಂದು ಹೆಬ್ಬೆಟ್ಟು ಒತ್ತುವುದು ಒಪ್ಪಿಗೆಯಲ್ಲ. ಪೂಜೆಯ ಕೊನೆಯ ಪ್ರಕಟಣೆಯಲ್ಲಿ ಸುದ್ದಿ ತಿಳಿಸಬಹುದು, ಒತ್ತಾಯ ಕೂಡದು.

ಗುಟ್ಟು ಕಾಯುವುದೂ ಅಷ್ಟೇ ಮುಖ್ಯ. 2023ರ ಜುಲೈನಲ್ಲಿ ಆರಂಭವಾದ ಸಿಕಲ್ ಸೆಲ್ ನಿರ್ಮೂಲನಾ ರಾಷ್ಟ್ರೀಯ ಅಭಿಯಾನದ ನಂತರ ಈ ಹೆಸರು ಹಳ್ಳಿಗಳಿಗೂ ತಲುಪಿದೆ. ದೋಷವಿರುವ ಒಂದೇ ಜೀನ್ ಹೊತ್ತವರು ರೋಗಿಗಳಲ್ಲ. ಇಬ್ಬರು ವಾಹಕರು ಮದುವೆಯಾದಾಗ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ವ್ಯತ್ಯಾಸ ತಿಳಿಯದ ಊರಿನಲ್ಲಿ ಒಂದು ಚೀಟಿ ಬಾಯಿಂದ ಬಾಯಿಗೆ ಹರಡಿದರೆ ಹುಡುಗಿಯ ಸಂಬಂಧ ಮುರಿಯುತ್ತದೆ. ನಮ್ಮ ಜ್ಞಾನಸ್ನಾನ, ವಿವಾಹ, ಮರಣದ ದಾಖಲೆ ಪುಸ್ತಕಗಳು ಸಂಶೋಧಕರಿಗೆ ಉಪಯುಕ್ತವೆಂಬುದು ನಿಜವೇ. ಆದರೂ ಕುಟುಂಬದ ಅನುಮತಿಯಿಲ್ಲದೆ ಅವನ್ನು ತೆರೆದಿಡುವುದು ಸರಿಯಲ್ಲ.

ಕೊನೆಯದಾಗಿ, ಕಾಯಿಲೆ ಕಂಡುಬಂದರೆ ಮುಂದೇನು? ದೂರದ ಹಳ್ಳಿಯ ಒಬ್ಬರಿಗೆ ಬಿಪಿ 180 ಇದೆಯೆಂದು ಬರೆದುಕೊಂಡು ಹೊರಟುಬಿಡುವುದು ಅಧ್ಯಯನವಲ್ಲ, ಅನ್ಯಾಯ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಸಿಗುತ್ತದೆಯೇ, ಅಲ್ಲಿಂದ ಹುಬ್ಬಳ್ಳಿಗೋ ಕಾರವಾರಕ್ಕೋ ಕಳುಹಿಸುವ ಖರ್ಚು ಯಾರದು ಎಂಬುದು ಮೊದಲ ಭೇಟಿಗೆ ಮುಂಚೆಯೇ ಕಾಗದದ ಮೇಲೆ ತೀರ್ಮಾನವಾಗಬೇಕು. ಭೇಟಿಗೆ ದಿನ ಗೊತ್ತು ಮಾಡುವಾಗ ಮಳೆಗಾಲದ ನಾಲ್ಕು ತಿಂಗಳನ್ನೂ ಭತ್ತದ ಕೊಯ್ಲನ್ನೂ ಕಬ್ಬಿನ ಕಟಾವನ್ನೂ ತಪ್ಪಿಸಿ ನೋಡಿದರೆ ಕೈಯಲ್ಲಿ ಉಳಿಯುವುದು ಬೇಸಿಗೆಯ ಕೆಲವೇ ವಾರಗಳು, ಅದೂ ಮದುವೆಗಳ ಕಾಲ.